ಓದುಗರ ಪ್ರಶ್ನೆ: ಫೋಟೋ ಯಾರದು, ಹೆಸರು ಯಾರಿಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋನಿನಲ್ಲಿ ತಮ್ಮನ್ನು ತಾವು ತೋರಿಸಿಕೊಳ್ಳುವ ವಿಚಾರಕ್ಕೇ ಬಂದು ನಿಂತಿವೆ. ಹಾಗಾಗಿ ಇಡೀ ಪುಟ ಅದಕ್ಕೇ ಮೀಸಲು. ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು, ಜನರನ್ನು ಇದ್ದುದಕ್ಕಿಂತ ಒಂದಿಷ್ಟು ಚೆಂದ ಕಾಣಿಸಿ ಸಂಸಾರ ನಡೆಸಿದವನು ನಾನು. ಕ್ಯಾಮೆರಾ ಮುಂದೆ ನಿಲ್ಲುವ ಆಸೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಆ ಆಸೆಗೆ ಬೆಲೆ ತೆರುತ್ತಿರುವವರು ಯಾರು ಅನ್ನುವುದೇ ನನ್ನ ಚಿಂತೆ.

ಪ್ರಶ್ನೆ: ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಬ್ಲೌಸಿಗೆ ಆರಿ ವರ್ಕ್ ಮಾಡುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಗಿರಾಕಿಗಳು ಬರುತ್ತಾರೆ ಅಂತ ಗೆಳತಿಯರು ಹೇಳುತ್ತಾರೆ. ನಮ್ಮ ಅತ್ತೆಯವರು ‘ತನ್ನ ತಾನೇ ಹೊಗಳಿಕೊಳ್ಳೋದು ಮರ್ಯಾದಸ್ಥರ ಲಕ್ಷಣ ಅಲ್ಲ’ ಅಂತಾರೆ. ನನಗೂ ಸಂಕೋಚ. ಏನು ಮಾಡಲಿ ಸರ್?
— ಒಬ್ಬ ಗೃಹಿಣಿ, ರಾಣೆಬೆನ್ನೂರು

ಉತ್ತರ: ಹಾಕಿ ತಂಗಿ, ನಾಳೆಯೇ ಹಾಕಿ. ನಮ್ಮ ತಿಪಟೂರಿನಿಂದ ಚನ್ನರಾಯಪಟ್ಟಣದ ದಾರಿ ಹಿಡಿದರೆ ನುಗ್ಗೇಹಳ್ಳಿ ಸಿಗುತ್ತದೆ. ಅಲ್ಲಿ ಹೊಯ್ಸಳರ ಕಾಲದ, 1246ರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಹೊರಗೋಡೆಯಲ್ಲಿ ದಕ್ಷಿಣದ ಕಡೆಯ ವಿಗ್ರಹಗಳು ಬೈಚೋಜನ ಕೈಯವು, ಉತ್ತರದ ಕಡೆಯವು ಮಲ್ಲಿತಮ್ಮನ ಕೈಯವು. ಇದು ನಮಗೆ ಗೊತ್ತಾಗಿರುವುದು ಅವರೇ ಹೆಸರು ಕೆತ್ತಿಟ್ಟಿದ್ದರಿಂದ. ಬೇಲೂರಿನಲ್ಲೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಬೊಂಬೆಗಳ ಕೆಳಗೆ ಹೆಸರು ಹಾಕಿಕೊಂಡಿದ್ದಾರೆ. ಅದನ್ನು ಜಂಬ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕೆಲಸ ಮೇಲಿದೆ, ಹೆಸರು ಕೆಳಗಿದೆ. ನಿಮ್ಮ ಕುಚ್ಚಿಗೂ ಅದೇ ನ್ಯಾಯ.

ಫೋಟೋ ತೆಗೆಯುವುದನ್ನು ಹೇಳಿಕೊಡುತ್ತೇನೆ, ಅದು ನನ್ನ ಕಸುಬು. ಬೆಳಿಗ್ಗೆ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಬಿಳಿ ಪಂಚೆ ಹಾಸಿ ಅದರ ಮೇಲೆ ಸೆರಗು ಹರಡಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ರೇಷ್ಮೆಯ ಬಣ್ಣ ಬೇರೆಯಾಗಿಬಿಡುತ್ತದೆ. ಫಿಲ್ಟರ್ ಬೇಡವೇ ಬೇಡ. ಫೋನಿನಲ್ಲಿ ಒಂದು ಬಣ್ಣ ನೋಡಿ ಕೊಟ್ಟ ಆರ್ಡರು ಕೈಗೆ ಬಂದಾಗ ಇನ್ನೊಂದು ಬಣ್ಣ ಆಗಿದ್ದರೆ, ಆ ಗಿರಾಕಿ ಮತ್ತೆ ಬರುವುದಿಲ್ಲ. ಕುಚ್ಚಿನ ಗಂಟು ಹತ್ತಿರದಿಂದ ಒಂದು, ಬ್ಲೌಸಿನ ಒಳಮೈ ಒಂದು ತೆಗೆಯಿರಿ. ಒಳಗಿನ ದಾರ ಎಷ್ಟು ಚೊಕ್ಕ ಇದೆ ಅನ್ನುವುದನ್ನು ನೋಡಿಯೇ ತಿಳಿದವರು ಕೆಲಸ ಕೊಡುತ್ತಾರೆ. ದರ ಬರೆಯಿರಿ, ಎಷ್ಟು ದಿನ ಹಿಡಿಯುತ್ತದೆ ಅಂತಲೂ ಬರೆಯಿರಿ. ಗಿರಾಕಿಯ ಮುಖ ಕಾಣುವ ಫೋಟೋ ಆದರೆ ಅವರನ್ನು ಕೇಳದೆ ಹಾಕಬೇಡಿ. ದುಡ್ಡು ಕೊಟ್ಟರೆ ಸಾವಿರಗಟ್ಟಲೆ ಫಾಲೋವರ್ಸ್ ಮಾಡಿಕೊಡುತ್ತೇವೆ ಅಂತ ಮೆಸೇಜು ಬರುತ್ತದೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಆ ಸಂಖ್ಯೆಗಳಿಗೆ ಸೀರೆ ಉಡುವ ಮೈ ಇರುವುದಿಲ್ಲ.

ಮೊದಲ ಆರ್ಡರಿನ ಹಣ ಬಂದ ದಿನ ಅತ್ತೆಯವರ ಕೈಗೆ ಕೊಟ್ಟು ನಮಸ್ಕಾರ ಮಾಡಿ. ಅವರ ಮಾತು ಬಂದಿರುವುದು ಒಳ್ಳೆಯ ಕಡೆಯಿಂದಲೇ. ಕೆಲಸವೇ ಇಲ್ಲದೆ ಹೆಸರು ಮಾಡಿಕೊಂಡವರನ್ನು ಅವರು ಬೇಕಾದಷ್ಟು ನೋಡಿರುತ್ತಾರೆ.

ಪ್ರಶ್ನೆ: ನನ್ನ ಮೈದುನ ಮತ್ತು ಓರಗಿತ್ತಿ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಮನೆಯ ದಿನಚರಿಯೇ ವಿಡಿಯೊ. ಒಟ್ಟಿಗೆ ಇರುವುದರಿಂದ ನನ್ನ ಏಳು ವರ್ಷದ ಮಗಳೂ ಅದರಲ್ಲಿ ಬರುತ್ತಾಳೆ. ಅವಳಿದ್ದರೆ ವ್ಯೂಸ್ ಜಾಸ್ತಿಯಂತೆ. ಈಚೆಗೆ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡು ಅಳುತ್ತಿದ್ದಾಗ ಚಿಕ್ಕಪ್ಪ ಮೊದಲು ಫೋನ್ ಹಿಡಿದ, ಆಮೇಲೆ ಅವಳನ್ನು ಎತ್ತಿಕೊಂಡ. ಮಾರನೆಯ ದಿನ ಮಗಳು ‘ಚಿಕ್ಕಪ್ಪಾ, ನಾನು ಅತ್ತಿದ್ದು ಎಷ್ಟು ಜನ ನೋಡಿದ್ರು?’ ಅಂತ ಕೇಳಿದಳು. ನನ್ನ ಎದೆ ಧಸಕ್ಕೆಂದಿತು. ಬಾಯಿಬಿಟ್ಟರೆ ಹೊಟ್ಟೆಕಿಚ್ಚು ಅಂತಾರೆ. ಮನೆಯ ಫ್ರಿಜ್ಜು, ವಾಷಿಂಗ್ ಮಷೀನು ಆ ದುಡ್ಡಲ್ಲೇ ಬಂದಿದ್ದು.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಮ್ಮಾ, ನಿಮ್ಮದು ಹೊಟ್ಟೆಕಿಚ್ಚಲ್ಲ. ಧಸಕ್ಕೆಂದ ಆ ಎದೆಯನ್ನು ನಂಬಿ.

ಸ್ಟುಡಿಯೋದಲ್ಲಿ ನಾನು ಮಕ್ಕಳ ಫೋಟೋ ತೆಗೆದಷ್ಟು ಇನ್ಯಾರದ್ದೂ ತೆಗೆದಿಲ್ಲ. ನಾಮಕರಣದ ಮಗು, ಮೊದಲ ಹುಟ್ಟುಹಬ್ಬದ ಮಗು, ಕೃಷ್ಣನ ವೇಷದ ಮಗು. ನನಗೆ ಕೆಲಸ ಕಲಿಸಿದವರ ಮೊದಲ ಪಾಠ ಒಂದೇ: ಮಗು ಅತ್ತರೆ ಕ್ಯಾಮೆರಾ ಕೆಳಗಿಡು. ಆಗ ತಾಯಿ ಮಗುವನ್ನು ಹೊರಗೆ ಒಯ್ದು ಹಾಲು ಕುಡಿಸಿಕೊಂಡು ಬರುತ್ತಿದ್ದರು. ಗಿಲಕಿ ಆಡಿಸಿ, ಅದು ನಕ್ಕ ಗಳಿಗೆಯಲ್ಲಿ ಕ್ಲಿಕ್ ಮಾಡುತ್ತಿದ್ದೆವು. ಮೂರು ಕಾಪಿ ಹೋಗುತ್ತಿದ್ದವು, ಒಂದು ಮನೆಗೆ, ಒಂದು ಅಜ್ಜಿಯ ಮನೆಗೆ, ಒಂದು ದೂರದ ಊರಿನ ಸೋದರಮಾವನಿಗೆ. ಆ ಫೋಟೋ ಯಾರ ಗೋಡೆಯ ಮೇಲಿದೆ ಅಂತ ತಾಯಿಗೆ ಗೊತ್ತಿತ್ತು. ನಿಮ್ಮ ಮಗಳ ಅಳು ಈಗ ಯಾರ ಕೈಯಲ್ಲಿದೆ ಅಂತ ನಿಮ್ಮ ಮೈದುನನಿಗೂ ಗೊತ್ತಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಅವಳು ಕೇಳಿದ ಪ್ರಶ್ನೆ. ಮಗು ಬಿದ್ದಾಗ ಮೊದಲು ತಾಯಿಯ ಮುಖ ನೋಡುತ್ತದೆ. ‘ನನಗೆ ನೋವಾಗಿದೆ’ ಅನ್ನುವುದನ್ನು ನಾವು ನಂಬಿದೆವೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಅದು. ನಿಮ್ಮ ಮಗಳು ನೋಡಿದ್ದು ಫೋನಿನ ಹಿಂಬದಿಯನ್ನು. ನೋವಿಗೆ ಸಿಗಬೇಕಾದದ್ದು ಅಪ್ಪುಗೆ ಅಂತ ಕಲಿಯುವ ವಯಸ್ಸಿನಲ್ಲಿ, ಸಿಗುವುದು ಸಂಖ್ಯೆ ಅಂತ ಅವಳು ಕಲಿಯುತ್ತಿದ್ದಾಳೆ. ಇದು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ದೊಡ್ಡವಳಾದಾಗ ಅಳಬೇಕೆನಿಸಿದರೂ ನೋಡುವವರಿದ್ದಾರಾ ಅಂತ ಸುತ್ತ ನೋಡುವ ಹುಡುಗಿ ಆಗುವುದು ಬೇಡ.

ದುಡ್ಡಿನ ಮಾತನ್ನೂ ಆಡೋಣ, ಅದನ್ನು ಬಿಟ್ಟು ಮಾತಾಡಿದರೆ ನಿಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಯೂಟ್ಯೂಬಿನ ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ ಚಾನೆಲ್ಲಿಗೆ ಸಾವಿರ ಚಂದಾದಾರರು, ಒಂದು ವರ್ಷದಲ್ಲಿ ಜನ ನೋಡಿದ 4,000 ಗಂಟೆಗಳು ಬೇಕು ಅನ್ನುವ ನಿಯಮ 2018ರಿಂದ ಇದೆ. ಶಾರ್ಟ್ಸ್ ಮಾಡುವವರ ಲೆಕ್ಕ ಬೇರೆ. ಆ ಗಂಟೆಗಳಲ್ಲಿ ನಿಮ್ಮ ಮಗಳ ಮುಖಕ್ಕೆ ಸೇರಿದ್ದೆಷ್ಟು? ‘ಅವಳಿದ್ದರೆ ವ್ಯೂಸ್ ಜಾಸ್ತಿ’ ಅಂತ ಅವರೇ ಒಪ್ಪಿದ್ದಾರಲ್ಲ. ಹಾಗಾದರೆ ಅವಳು ಆಡುತ್ತಿಲ್ಲ, ದುಡಿಯುತ್ತಿದ್ದಾಳೆ. ದುಡಿಯುವ ಮಗುವಿಗೆ ನಮ್ಮ ದೇಶದಲ್ಲಿ ಕಾನೂನು ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮಗಳು ಬಂದವು. ಸಿನಿಮಾ, ಧಾರಾವಾಹಿಯಲ್ಲಿ ಮಗುವನ್ನು ಬಳಸುವವರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವು ಕೊಡದೆ ಮೂರು ಗಂಟೆ ಮೀರುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕಡೇಪಕ್ಷ ಶೇ 20ರಷ್ಟು ಅದರ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಸೆಟ್ಟಿನಲ್ಲಾದರೆ ಕೇಳುವವರು ಯಾರಾದರೂ ಇರುತ್ತಾರೆ. ಅಡುಗೆಮನೆಯಲ್ಲಿ ಚಿಕ್ಕಪ್ಪ ಹಿಡಿದ ಫೋನಿನ ಮುಂದೆ ಕೇಳುವವರು ನೀವೊಬ್ಬರೇ. ಫ್ರಾನ್ಸಿನಲ್ಲಿ 2020ರಲ್ಲಿ ಇಂಥ ಮನೆವಿಡಿಯೊಗಳಿಗೆಂದೇ ಕಾನೂನು ಮಾಡಿದರು. 16ರ ಒಳಗಿನ ಮಕ್ಕಳ ಗಳಿಕೆ ಅವರು ವಯಸ್ಕರಾಗುವವರೆಗೆ ಭದ್ರವಾಗಿರಬೇಕು, ತಮ್ಮ ವಿಡಿಯೊ ತೆಗೆಸಿಹಾಕುವ ಹಕ್ಕು ಮಕ್ಕಳಿಗೇ ಇರಬೇಕು ಅಂತ. ನಮ್ಮಲ್ಲಿ ಅಷ್ಟು ಸ್ಪಷ್ಟವಾದದ್ದು ಬರುವವರೆಗೆ ಮನೆಯೊಳಗೇ ನಿಯಮ ಮಾಡಿಕೊಳ್ಳಬೇಕು.

ಮೊದಲು ನಿಮ್ಮ ಯಜಮಾನರ ಹತ್ತಿರ ಮಾತಾಡಿ. ಅವರ ಮಗಳು, ಅವರ ತಮ್ಮ. ಮಾತು ಅವರ ಬಾಯಿಂದ ಬಂದರೆ ಓರಗಿತ್ತಿಯರ ಜಗಳ ಅನ್ನಿಸುವುದಿಲ್ಲ. ಊಟ ಆದ ಮೇಲೆ, ಫೋನ್ ಬೇರೆ ಕೋಣೆಯಲ್ಲಿಟ್ಟು, ಅತ್ತೆ ಮಾವನವರೂ ಇರುವಾಗ ಆಡಿ. ಮೈದುನನನ್ನು ಕೆಟ್ಟವನು ಮಾಡಬೇಡಿ. ಕೆಲಸ ಸಿಗುವುದು ಕಷ್ಟವಾಗಿರುವ ಕಾಲದಲ್ಲಿ ಅವನು ಒಂದು ದಾರಿ ಹುಡುಕಿಕೊಂಡಿದ್ದಾನೆ, ಅದನ್ನು ಒಪ್ಪಿಕೊಂಡೇ ಮಾತು ಶುರುವಾಗಲಿ. ಮಗು ಅಳುವಾಗ, ಮಲಗಿದಾಗ, ಸ್ನಾನ ಮಾಡುವಾಗ, ಜ್ವರ ಬಂದಾಗ ಫೋನ್ ಎತ್ತಬಾರದು. ಶಾಲೆಯ ಸಮವಸ್ತ್ರ, ಬ್ಯಾಡ್ಜು, ಮನೆಯ ಮುಂದಿನ ಬೀದಿ ಕಾಣಬಾರದು. ಅವಳು ‘ಬೇಡ’ ಅಂದ ದಿನ ಬೇಡ, ಅದಕ್ಕೆ ಯಾರೂ ಮುಖ ಊದಿಸಬಾರದು. ಅಳುವಿನ ವಿಡಿಯೊ ಇವತ್ತೇ ತೆಗೆಯಬೇಕು, ಇದರಲ್ಲಿ ಚೌಕಾಸಿ ಇಲ್ಲ. ಅವಳ ಪಾಲಿನ ಹಣಕ್ಕೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆಗೆಯಿರಿ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮಾತ್ರ ಅದು, 250 ರೂಪಾಯಿಯಿಂದ ಶುರು ಮಾಡಬಹುದು.

ಚಾನೆಲ್ ಕುಸಿದರೆ? ಕುಸಿಯಲಿ. ಮಗುವಿನ ಮುಖವಿಲ್ಲದೆ ನಿಲ್ಲಲಾರದ ಚಾನೆಲ್ಲು ದೊಡ್ಡವರ ದುಡಿಮೆ ಆಗಿರಲಿಲ್ಲ.

ಇವತ್ತು ರಾತ್ರಿ ಅವಳ ಮಂಡಿಯ ಗಾಯ ನೋಡಿ, ಹೇಗೆ ಬಿದ್ದೆ, ಎಲ್ಲಿ ನೋವಾಯಿತು ಅಂತ ಕೇಳಿ. ಎಷ್ಟು ಜನ ನೋಡಿದರು ಅನ್ನುವುದಕ್ಕೆ ‘ನಾನು ನೋಡಿದೆ ಕಣೇ’ ಅನ್ನಿ. ಮುಂದಿನ ತಿಂಗಳು ಏನಾಯಿತು ಅಂತ ನನಗೆ ಬರೆಯಿರಿ. ಅಚ್ಚು ಹಾಕುವುದಿಲ್ಲ, ನನಗೆ ತಿಳಿಯಬೇಕು.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಪ್ರತಿ ಜೂನ್‌ನಲ್ಲಿ ಸರ್ಕಾರಿ ಶಾಲೆಗೆ ನೋಟ್‌ಬುಕ್ ಕೊಡುತ್ತೇವೆ. ಈ ವರ್ಷ ಹೆಡ್‌ಮಾಸ್ಟರು ‘ಪುಸ್ತಕ ಕೊಡಿ, ಮಕ್ಕಳ ಜೊತೆ ಫೋಟೋ ಬೇಡ’ ಅಂದರು. ಫೋಟೋ ಹಾಕದಿದ್ದರೆ ದಾನಿಗಳು ಮುಂದಿನ ವರ್ಷ ಕೊಡುವುದಿಲ್ಲ. ಯಾರದು ಸರಿ?
— ಕಾರ್ಯದರ್ಶಿ, ಯುವಕ ಸಂಘ, ಮಂಡ್ಯ ಜಿಲ್ಲೆ

ಉತ್ತರ: ಹೆಡ್‌ಮಾಸ್ಟರದು ಸರಿ. ಅಂಥವರು ಇರುವ ಶಾಲೆಗೆ ಇನ್ನೊಂದು ಬಂಡಲ್ ಹೆಚ್ಚು ಕೊಡಿ.

ಆ ಫೋಟೋ ಹೇಗಿರುತ್ತದೆ ಅಂತ ನಾನು ಹೇಳಬಲ್ಲೆ. ಒಂದು ನೋಟ್‌ಬುಕ್ಕಿಗೆ ಆರು ಜನ ದೊಡ್ಡವರ ಕೈ. ಆರೂ ಜನ ಕ್ಯಾಮೆರಾ ನೋಡುತ್ತಿರುತ್ತಾರೆ. ಮಗು ನೆಲ ನೋಡುತ್ತಿರುತ್ತದೆ, ಇಲ್ಲವೇ ಯಾರದೋ ಮೊಣಕೈಯ ಹಿಂದೆ ಮರೆಯಾಗಿರುತ್ತದೆ. 2020ರ ಲಾಕ್‌ಡೌನಿನಲ್ಲಿ ರೇಷನ್ ಕಿಟ್ ಹಂಚುವಾಗ ಇಂಥವು ಎಷ್ಟು ಬಂದವು! ಅಕ್ಕಿ ಮುಗಿದುಹೋಯಿತು, ಫೋಟೋ ಉಳಿಯಿತು. ಆ ಹುಡುಗ ಅದೇ ಊರಲ್ಲಿ ಬೆಳೆಯಬೇಕು, ಹೈಸ್ಕೂಲಿಗೆ ಹೋಗಬೇಕು, ನಾಳೆ ನಿಮ್ಮ ಸಂಘಕ್ಕೇ ಸದಸ್ಯನಾಗಿ ಬರಬೇಕು. ಅವನು ಕೈಚಾಚಿ ನಿಂತ ಚಿತ್ರವನ್ನು ಅವನ ಗೆಳೆಯರು ಗ್ರೂಪಿನಲ್ಲಿ ಹಾಕಿ ಆಡಿಕೊಳ್ಳಲು ಒಂದು ಕ್ಷಣ ಸಾಕು.

ದಾನಿಗಳಿಗೆ ಬೇಕಿರುವುದು ಲೆಕ್ಕ. ಪುಸ್ತಕದ ರಾಶಿಯ ಫೋಟೋ, ಅಂಗಡಿಯ ಬಿಲ್ಲು, ಶಾಲೆಯ ಮೊಹರು ಬಿದ್ದ ಸ್ವೀಕೃತಿ ಪತ್ರ, ಎಲ್ಲ ದಾನಿಗಳ ಹೆಸರಿರುವ ಪಟ್ಟಿ ಹಾಕಿ. ಮುಖ ಬೇಕೇ ಬೇಕಾದರೆ ಪುಸ್ತಕ ಹೊತ್ತ ನಿಮ್ಮ ಹುಡುಗರದನ್ನು ಹಾಕಿ. ಅದು ಅವರ ಕೆಲಸ, ಅವರ ಹೆಸರು.

ಇಲ್ಲಿ ಇನ್ನೊಂದು ಮಾತು. ನಮ್ಮ ಊರುಗಳ ಸರ್ಕಲ್ಲಿನ ಫ್ಲೆಕ್ಸು ನಿಮಗೆ ಗೊತ್ತು. ಮೇಲೆ ನಾಯಕರ ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಅಂತ ಅಂಚೆಚೀಟಿ ಗಾತ್ರದ ಮುಖಗಳ ಸಾಲು. ಆ ಸಾಲಿಗಾಗಿಯೇ ಹೊಸ ಶರಟು ಹಾಕಿಕೊಂಡು ಹುಡುಗರು ನನ್ನ ಹತ್ತಿರ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು. ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸನ್ನೂ ಸೇರಿಸಿ ಸರ್ಕಾರ 2016ರ ಮಾರ್ಚಿನಲ್ಲಿ ಆದೇಶ ಹೊರಡಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ಕಿತ್ತರು. ಕಂಬದಿಂದ ಇಳಿದದ್ದು ಫೋನಿಗೆ ಏರಿತು. ಇದರ ಪೆಟ್ಟು ಬಿದ್ದಿರುವುದು ಸಾರ್ವಜನಿಕ ಕೆಲಸಕ್ಕೆ. ಚರಂಡಿ ತೆಗೆಸಿದವನಿಗೂ ಚರಂಡಿಯ ಪಕ್ಕ ನಿಂತವನಿಗೂ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಜನರಿಗೆ ನೆನಪಾಗುವುದು ನಿಂತವನ ಮುಖ. ಹತ್ತು ವರ್ಷ ಹೀಗೇ ನಡೆದರೆ ಊರಿಗೆ ಕೆಲಸ ಮಾಡುವವರೇ ಸಿಗುವುದಿಲ್ಲ. ನಿಮ್ಮಂಥ ಸಂಘಗಳು ಇದನ್ನು ತಡೆಯಬಲ್ಲವು ಅಂತ ನಾನು ನಂಬಿದ್ದೇನೆ.

ಪ್ರಶ್ನೆ: ಫೋಟೋ ಹಾಕಿ ಅರ್ಧ ಗಂಟೆಯಲ್ಲಿ ಲೈಕ್ ಬರದಿದ್ದರೆ ಡಿಲೀಟ್ ಮಾಡಿಬಿಡುತ್ತೇನೆ. ನನ್ನ ಕ್ಲಾಸಿನವರೆಲ್ಲ ಎಷ್ಟು ಚೆಂದ ಇದ್ದಾರೆ, ಎಷ್ಟು ಕಡೆ ಸುತ್ತುತ್ತಾರೆ. ನನ್ನ ಮುಖ ನೋಡಿಕೊಂಡರೆ ನನಗೇ ಬೇಸರ.
— ಪದವಿ ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಮಗಳೇ, ಮುಖ ತಿದ್ದುವುದು ನನ್ನ ಕಸುಬಾಗಿತ್ತು, ಆದ್ದರಿಂದ ಇದನ್ನು ನನ್ನಿಂದ ಕೇಳು. ವರನ ಕಡೆಯವರಿಗೆ ಕಳಿಸುವ ಹುಡುಗಿಯ ಫೋಟೋಗೆ ನಾವು ‘ಟಚಿಂಗ್’ ಮಾಡುತ್ತಿದ್ದೆವು. ಸೂಜಿಯ ಹಾಗೆ ಹೆರೆದ ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೆ ಮೊಡವೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಮುಚ್ಚುವುದು. ಒಂದು ಮುಖಕ್ಕೆ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಆ ಫೋಟೋ ನೋಡಿದವರು ಆಮೇಲೆ ಮನೆಗೆ ಬಂದು ನಿಜವಾದ ಹುಡುಗಿಯನ್ನು ನೋಡುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಾ ಮಾತಾಡುತ್ತಿದ್ದರು. ಮುಖ ಮುಖವನ್ನು ನೋಡುವ ಆ ಎರಡನೆಯ ಹಂತ ಫೋನಿನಲ್ಲಿ ಇಲ್ಲ. ನೀನು ನಿನ್ನ ಕನ್ನಡಿಯನ್ನು ಅವರ ಟಚಿಂಗಿನ ಜೊತೆ ಹೋಲಿಸುತ್ತಿದ್ದೀಯ. ನಾನು ತಿದ್ದಿದ ಯಾವ ಮುಖವೂ ತಿದ್ದುವ ಮುಂಚೆ ಕುರೂಪ ಆಗಿರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಭೂತಗನ್ನಡಿ ಹಿಡಿದು ನೋಡಿದವನಾಗಿ ಹೇಳುತ್ತಿದ್ದೇನೆ.

ಲೈಕಿನ ಗುಂಡಿ ಫೇಸ್‌ಬುಕ್ಕಿಗೆ ಬಂದದ್ದು 2009ರಲ್ಲಿ. ಅಲ್ಲಿಯವರೆಗೂ ನಿನ್ನ ವಯಸ್ಸಿನ ಹುಡುಗಿಯರು ಬದುಕಿದ್ದರು, ಒಬ್ಬರಿಗೊಬ್ಬರು ಇಷ್ಟವಾಗಿದ್ದರು. ಇನ್‌ಸ್ಟಾಗ್ರಾಮಿನಲ್ಲಿ ಲೈಕಿನ ಲೆಕ್ಕ ಮುಚ್ಚಿಡುವ ವ್ಯವಸ್ಥೆ 2021ರಿಂದ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ‘ಹೈಡ್ ಲೈಕ್’ ಅನ್ನುವುದನ್ನು ಒತ್ತು. ಪರೀಕ್ಷೆ ಮುಗಿಯುವವರೆಗಾದರೂ ಹಾಗಿರಲಿ. ಬೇಸರ ಊಟ ನಿದ್ದೆಗೂ ತಗುಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಆಟೋ ಓಡಿಸುತ್ತೇನೆ. ಬೈಕಿಂದ ಬಿದ್ದ ಒಬ್ಬರ ಸುತ್ತ ಇಪ್ಪತ್ತು ಜನ ವಿಡಿಯೊ ಮಾಡುತ್ತಾ ನಿಂತಿದ್ದರು. ನಾನು ಆಸ್ಪತ್ರೆಗೆ ಕರೆದೊಯ್ದೆ. ‘ಪೊಲೀಸ್ ಕೇಸಲ್ಲಿ ಸಿಕ್ಕಿ ಹಾಕ್ಕೋತಿ’ ಅಂತ ಮನೆಯಲ್ಲಿ ಬೈದರು. ಮುಂದೆ ಹೀಗಾದರೆ ಏನು ಮಾಡಲಿ?
— ಆಟೋ ಚಾಲಕ, ಹೊಸಪೇಟೆ

ಉತ್ತರ: ಅಣ್ಣಾ, ಇದನ್ನೇ ಮತ್ತೆ ಮಾಡಿ. ನಿಮ್ಮ ಪಕ್ಕದ ಕೊಪ್ಪಳದಲ್ಲೇ 2017ರ ಫೆಬ್ರುವರಿಯಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗ ರಸ್ತೆಯಲ್ಲಿ ರಕ್ತ ಸುರಿಸುತ್ತಾ ಸಹಾಯಕ್ಕೆ ಅಂಗಲಾಚುತ್ತಿದ್ದ. ಸುತ್ತ ನಿಂತವರು ಫೋಟೋ, ವಿಡಿಯೊ ತೆಗೆದರು. ಅವನು ಉಳಿಯಲಿಲ್ಲ. ‘ಮೊದಲು ಹಾಕಿದ್ದು ನಾನು’ ಅನ್ನುವ ಹೆಗ್ಗಳಿಕೆಗಾಗಿ ಸಾಯುವವನ ಮುಖ ತೆಗೆಯುವ ಕೈಗಳನ್ನು ನಾನು ಕ್ಷಮಿಸಲಾರೆ.

ಕಾನೂನು ನಿಮ್ಮ ಕಡೆ ಇದೆ. ಗಾಯಾಳುವಿಗೆ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದಕ್ಕೆಂದೇ 134ಎ ಕಲಂ ಸೇರಿದೆ. ನಮ್ಮ ರಾಜ್ಯಕ್ಕೂ ತನ್ನದೇ ಕಾಯ್ದೆ ಇದೆ. ಹೆಸರು, ವಿಳಾಸ ಹೇಳಲೇಬೇಕೆಂದು ನಿಮ್ಮನ್ನು ಬಲವಂತ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ತಡವಾಗುವ ಹಾಗಿದ್ದರೆ ನಿಮ್ಮ ಆಟೋದಲ್ಲೇ ಒಯ್ಯಿರಿ. ಗುದ್ದಿದ ವಾಹನ ಓಡಿಹೋಗುತ್ತಿದ್ದರೆ ಅದರ ನಂಬರಿನ ಫೋಟೋ ಮಾತ್ರ ತೆಗೆದು ಪೊಲೀಸರಿಗೆ ಕೊಡಿ. ಗ್ರೂಪಿಗೆ ಹಾಕಬೇಡಿ, ಮನೆಯವರು ಸುದ್ದಿಯನ್ನು ಹಾಗೆ ನೋಡಬಾರದು. ಈ ಪುಟವನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಪ್ರಶ್ನೆ: ಕಾರು, ನೋಟಿನ ಕಂತೆ ತೋರಿಸಿ ‘ನಾನು ಗೆದ್ದೆ, ನೀವೂ ಗೆಲ್ಲಿ’ ಅಂತ ರೀಲ್ಸ್ ಮಾಡುವವನೊಬ್ಬನ ಮಾತು ನಂಬಿ ನನ್ನ ತಮ್ಮ ಬೆಟ್ಟಿಂಗ್ ಆ್ಯಪಿನಲ್ಲಿ ಹಣ ಕಳೆದಿದ್ದಾನೆ. ಸಾಲವನ್ನೂ ಮಾಡಿದ್ದಾನೆ. ರೀಲ್ಸ್ ಮಾಡಿದವನಿಗೆ ಏನೂ ಆಗುವುದಿಲ್ಲವೇ?
— ದಿನಸಿ ಅಂಗಡಿಯವರು, ಚಿತ್ರದುರ್ಗ

ಉತ್ತರ: ಆಗಬೇಕು, ಆಗಿಸಬಹುದು. ಹಣ ಪಡೆದು ಹೊಗಳುವವರು ಅದು ಜಾಹೀರಾತು ಅಂತ ವಿಡಿಯೊದಲ್ಲೇ ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ತಿಳಿಸಿದೆ. ದಾರಿತಪ್ಪಿಸುವ ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಪ್ರಚಾರವೇ ಅಪರಾಧ ಅಂತ 2025ರಲ್ಲಿ ಸಂಸತ್ತು ಕಾನೂನು ಮಾಡಿದೆ. ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ಮೊದಲು ಆ ರೀಲಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಖಾತೆಯ ಹೆಸರು, ತಾರೀಖು ಕಾಣುವ ಹಾಗೆ. ಅವನು ಅಳಿಸಿಬಿಟ್ಟರೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಯುಪಿಐಯಲ್ಲಿ ಹೋದ ಹಣದ ವಿವರ ತೆಗೆಸಿ. ಸೈಬರ್ ಸಹಾಯವಾಣಿ 1930ಕ್ಕೆ ಇವತ್ತೇ ಫೋನ್ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಸುಳ್ಳು ಜಾಹೀರಾತಿನ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ತಮ್ಮನನ್ನು ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಕೂತು ಸಾಲ ಕೊಟ್ಟವರ ಪಟ್ಟಿ ಬರೆಯಿರಿ, ಲೋನ್ ಆ್ಯಪುಗಳನ್ನೂ ಸೇರಿಸಿ, ಏನೂ ಮುಚ್ಚಿಡದ ಹಾಗೆ. ಆ ಪಟ್ಟಿ ಮುಗಿಯುವವರೆಗೂ ಅವನನ್ನು ಒಂಟಿಯಾಗಿ ಬಿಡಬೇಡಿ.